ಲೆಕ್ಕ ಬಾರದ ಅಜ್ಜಿ ಮಿಸ್

ನಮ್ಮ ದೊಡ್ಡಮ್ಮನಿಗೆ ಗಣಿತ ಬರುವುದಿಲ್ಲ. ಅದಕ್ಕೇ ಅವರು ಲಗ್ಗೆರೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಗಣಿತದ ವಿಶೇಷ ತರಗತಿ ನಡೆಸುತ್ತಾರೆ. ಇದನ್ನು ಓದಿ ನೀವು ನಕ್ಕರೆ ನನ್ನದೇನೂ ಅಭ್ಯಂತರವಿಲ್ಲ, ನಾನೂ ನಕ್ಕವಳೇ. ಆದರೆ ದೊಡ್ಡಮ್ಮನ ಎದುರಿಗೆ ಮಾತ್ರ ನಗಬೇಡಿ. ನಕ್ಕವರನ್ನು ಅವರು ಕೈ ಹಿಡಿದು ಕೂರಿಸಿ, "ನಿಮಗೆ ಬರುತ್ತಲ್ಲ, ಹೇಳಿಕೊಡಿ" ಅನ್ನುತ್ತಾರೆ. ಆಮೇಲೆ ಎದ್ದು ಹೋಗುವ ಮಾತೇ ಇಲ್ಲ. ಸಂಜೆಯಾಗುವ ಹೊತ್ತಿಗೆ ನಿಮಗೂ ಗಣಿತ ಬರುವುದಿಲ್ಲ ಎಂದು ಸಾಬೀತಾಗಿರುತ್ತದೆ. ನಮ್ಮ ಜಾಲಹಳ್ಳಿಯ ಬೀದಿಯಲ್ಲಿರುವ ಇಬ್ಬರು ನಿವೃತ್ತ ಇಂಜಿನಿಯರುಗಳು ದೂರದಲ್ಲಿ ದೊಡ್ಡಮ್ಮನ ಸೀರೆ ಕಂಡರೆ ಸಾಕು, ರಸ್ತೆ ದಾಟಿ ಆ ಬದಿಗೆ ಹೋಗುತ್ತಾರೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಬಿಡಿಭಾಗ ಜೋಡಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಕೈಯಲ್ಲಿ ಕೆಲಸ, ಬಾಯಲ್ಲಿ ಯೂನಿಯನ್. ಹೆಂಗಸರ ಪರವಾಗಿ ಮಾತಾಡಲು ಮ್ಯಾನೇಜರ ಕೋಣೆಗೆ ಹೋದರೆ, ಕೇಳಿದ್ದು ಸಿಗುವವರೆಗೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲವಂತೆ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಗಂಡಿನ ಕಡೆ ಮ್ಯಾನೇಜ್‌ಮೆಂಟ್ ಹಾಕಿದ ಷರತ್ತು ನನಗೆ ಒಪ್ಪಿಗೆಯಾಗಲಿಲ್ಲ" ಅನ್ನುತ್ತಾರೆ. ಅವರು ಮಹಡಿಯ ಮೇಲೆ, ನಾನು ಕೆಳಗೆ. ನಾನು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಇಡೀ ದಿನ ಲೆಕ್ಕ ಮಾಡಿ ಮನೆಗೆ ಬಂದರೆ, ಲೆಕ್ಕವನ್ನೇ ಒಪ್ಪದ ಒಬ್ಬರು ಮೆಟ್ಟಿಲ ಮೇಲೆ ಕಾಯುತ್ತಿರುತ್ತಾರೆ. ನನ್ನ ಕರ್ಮ, ಇನ್ನೇನು?

ಶಾಲೆಯ ನಂಟು ಶುರುವಾದದ್ದು ಹೀಗೆ. ನಮ್ಮ ಬೀದಿಯ ಮಹಿಳಾ ಸಂಘದವರು ಒಂದು ಶನಿವಾರ ಆ ಶಾಲೆಗೆ ನೋಟ್‌ಬುಕ್ ಹಂಚಲು ಹೊರಟರು. ದೊಡ್ಡಮ್ಮನೂ ಹೋದರು, ನನ್ನನ್ನೂ ಎಳೆದುಕೊಂಡು ಹೋದರು. ಎಲ್ಲರೂ ಫೋಟೊಗೆ ನಿಂತಿದ್ದಾಗ ಇವರು ಮಾತ್ರ ಕಾರಿಡಾರಿನ ಕೊನೆಗೆ ನಡೆದುಬಿಟ್ಟರು. ಅಲ್ಲೊಂದು ಕೋಣೆಯಲ್ಲಿ ಹದಿನೈದಿಪ್ಪತ್ತು ಮಕ್ಕಳು ಮೇಷ್ಟರಿಲ್ಲದೆ ಸುಮ್ಮನೆ ಕೂತಿದ್ದರು.

"ಇವರ್ಯಾಕೆ ಇಲ್ಲಿ ಬೇರೆ ಕೂತಿದಾರೆ?" ಎಂದು ದೊಡ್ಡಮ್ಮ ಹಿಂದೆ ಓಡಿಬಂದ ಹೆಡ್‌ಮಾಸ್ಟರನ್ನು ಕೇಳಿದರು.

"ಇವರು ನಿಧಾನ ಕಲಿಕೆಯ ಮಕ್ಕಳು ಮೇಡಂ. ಇವರಿಗೆ ವಿಶೇಷ ತರಗತಿ."

"ನಿಧಾನ ಅಂದ್ರೆ? ಅವಸರ ಮಾಡ್ತಿರೋರು ಯಾರು?"

ಹೆಡ್‌ಮಾಸ್ಟರು ಒಳ್ಳೆಯ ಮನುಷ್ಯ. ಇಲಾಖೆಯ ಯಾವ ತರಬೇತಿಯಲ್ಲೂ ಇಂಥ ಪ್ರಶ್ನೆ ಬಂದಿರಲಿಲ್ಲವಾದ್ದರಿಂದ ಕೆಮ್ಮಿ ಮಾತು ಬದಲಿಸಿದರು. ಗಣಿತದ ಮೇಷ್ಟರನ್ನು ವಾರದಲ್ಲಿ ಮೂರು ದಿನ ಇನ್ನೊಂದು ಶಾಲೆಗೂ ಹಾಕಿದ್ದಾರೆ, ಅವರಿಲ್ಲದ ದಿನ ಈ ಮಕ್ಕಳು ಹೀಗೇ ಕೂತಿರುತ್ತಾರೆ ಎಂದು ವಿವರಿಸಿದರು. ಆಮೇಲೆ ಒಂದು ಮಾತು ಬಾಯಿ ತಪ್ಪಿ ಆಡಿಬಿಟ್ಟರು. "ಪಾಠ ಏನೂ ಬೇಡ ಮೇಡಂ. ನಿಮ್ಮಂಥ ಹಿರಿಯರು ಯಾರಾದ್ರೂ ಸಂಜೆ ಬಂದು, ಗಲಾಟೆ ಆಗದ ಹಾಗೆ ನೋಡಿಕೊಂಡ್ರೂ ಸಾಕು."

ಗಲಾಟೆ ಆಗದಂತೆ ನೋಡಿಕೊಳ್ಳಲು ನಮ್ಮ ದೊಡ್ಡಮ್ಮ! ಹಾಲಿಗೆ ಬೆಕ್ಕನ್ನು ಕಾವಲಿಟ್ಟವರೂ ಇಷ್ಟು ಮುಗ್ಧರಾಗಿರಲಿಲ್ಲ.

ಸೋಮವಾರದಿಂದಲೇ ದೊಡ್ಡಮ್ಮ ಹಾಜರು. ಮೇಷ್ಟರ ಕುರ್ಚಿಯಲ್ಲಿ ಅವರು ಕೂರಲಿಲ್ಲ. ಮಕ್ಕಳನ್ನು ಸರಿಸಿ ಮೊದಲ ಬೆಂಚಿನಲ್ಲಿ ಕೂತು, "ಬನ್ನಿ, ಯಾರಾದರೂ ನನಗೆ ಹೇಳಿಕೊಡಿ" ಅಂದರಂತೆ. ಒಬ್ಬ ಹುಡುಗ ಹೆದರುತ್ತಾ ಬೋರ್ಡಿನ ಬಳಿ ಹೋಗಿ, ಎಕ್ಸ್‌ನ ಬೆಲೆ ಕಂಡುಹಿಡಿಯುವ ಲೆಕ್ಕ ಬರೆದ.

"ಎಕ್ಸ್ ಅಂದ್ರೆ ಯಾರಪ್ಪ?"

"ಗೊತ್ತಿಲ್ಲ ಮಿಸ್. ಕಂಡುಹಿಡೀಬೇಕು."

"ಗೊತ್ತಿಲ್ಲದವನನ್ನ ಲೆಕ್ಕದೊಳಗೆ ಬಿಟ್ಟುಕೊಂಡೋರು ಯಾರು? ಗೇಟಲ್ಲಿ ಕೇಳಲಿಲ್ವಾ?"

ಇಡೀ ತರಗತಿ ನಕ್ಕಿತು. ಹುಡುಗ ಮಾತ್ರ ಬಿಡಲಿಲ್ಲ. ತಕ್ಕಡಿಯ ಚಿತ್ರ ಬರೆದ, ಒಂದು ತಟ್ಟೆಯಲ್ಲಿ ಚೀಲವಿದೆ, ಒಳಗೆ ಎಷ್ಟು ಅಕ್ಕಿ ಇದೆಯೋ ಗೊತ್ತಿಲ್ಲ, ಆ ಕಡೆ ಕಲ್ಲು ಇಟ್ಟು ತೂಗಿದರೆ ಗೊತ್ತಾಗುತ್ತೆ ಎಂದೆಲ್ಲ ಹೇಳಿದ. ದೊಡ್ಡಮ್ಮ ಅದಕ್ಕೂ ತಕರಾರು ತೆಗೆದರು. ಎರಡು ದಿನ ಆ ಎಕ್ಸ್ ಒಬ್ಬನ ಮೇಲೆಯೇ ವಿಚಾರಣೆ ನಡೆಯಿತು. ಮೂರನೇ ದಿನದ ಹೊತ್ತಿಗೆ ಹಿಂದಿನ ಬೆಂಚಿನವರೂ ಎದ್ದು ಬಂದು, "ಅಜ್ಜಿ ಮಿಸ್, ನೋಡಿ ಇಲ್ಲಿ, ಇಷ್ಟೇ" ಎಂದು ಕೈ ಹಿಡಿದು ಹೇಳತೊಡಗಿದ್ದರಂತೆ. ಅಜ್ಜಿ ಮಿಸ್ ಎಂಬ ಬಿರುದು ಬಂದದ್ದು ಹಾಗೆ.

"ಇದೇನು ದೊಡ್ಡಮ್ಮ, ಹೊಸ ಬೋಧನಾ ವಿಧಾನವಾ?" ಎಂದು ನಾನು ಅಣಕಿಸಿದೆ.

"ವಿಧಾನ ಎಲ್ಲಿಂದ ಬಂತೇ? ನನಗೆ ನಿಜವಾಗ್ಲೂ ತಿಳಿಯಲ್ಲ ಕಣೇ. ತಿಳಿಯದೇ ಇದ್ದಾಗ ತಿಳೀತು ಅಂತ ಯಾಕೆ ತಲೆ ಆಡಿಸ್ಬೇಕು? ಆ ಮಕ್ಕಳು ಒಂದನೇ ಕ್ಲಾಸಿಂದ ಬರೀ ತಲೆ ಆಡಿಸ್ಕೊಂಡೇ ಹತ್ತನೇ ಕ್ಲಾಸಿಗೆ ಬಂದವೆ. ತಿಳೀಲಿಲ್ಲ ಅಂತ ಗಟ್ಟಿಯಾಗಿ ಹೇಳೋರು ಒಬ್ಬರಾದ್ರೂ ಬೇಡ್ವಾ?"

ಇದು ತಮಾಷೆಯಲ್ಲ, ಅವರಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಪೈ ಎಂದರೆ ಇಪ್ಪತ್ತೆರಡರ ಕೆಳಗೆ ಏಳು ಎಂದಾಗ, "ಈ ಒಪ್ಪಂದಕ್ಕೆ ಯಾರು ಸಹಿ ಹಾಕಿದ್ದು?" ಎಂದು ಕೇಳಿ ಗಣಿತದ ಮೇಷ್ಟರನ್ನೇ ಬೆವರಿಸಿದ್ದರು. ಮಕ್ಕಳು ಹಟಕ್ಕೆ ಬಿದ್ದು ಬಿಸಿಯೂಟದ ತಟ್ಟೆ, ಬಕೆಟ್ಟಿನ ಬಾಯಿ, ಸಾಂಬಾರಿನ ಹಂಡೆ, ಎಲ್ಲಕ್ಕೂ ದಾರ ಸುತ್ತಿ ಅಳೆದು ತೋರಿಸಿದರು. ಯಾವುದಕ್ಕೆ ಸುತ್ತಿದರೂ ಅದರ ಅಡ್ಡಳತೆಯ ಮೂರು ಪಟ್ಟು, ಮೇಲೆ ಒಂಚೂರು. ದೊಡ್ಡಮ್ಮ ಆ ಒಂಚೂರನ್ನೇ ಹಿಡಿದುಕೊಂಡು ಕೂತರು. ಅಡುಗೆಯವರು ಬಂದು ಹಂಡೆ ವಾಪಸು ಕೇಳುವವರೆಗೆ ಚರ್ಚೆ ಮುಗಿಯಲಿಲ್ಲ.

ವೈಟ್‌ಫೀಲ್ಡಿನ ಯಾವುದೋ ಕಂಪನಿಯ ಹುಡುಗರು ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಒಂದು ದಿನದ ಸೇವೆಗೆ ಬಂದದ್ದೂ ಈ ನಡುವೆಯೇ. ಅವರಲ್ಲೊಬ್ಬ ಲ್ಯಾಪ್‌ಟಾಪು ತೆರೆದು, "ನಿಮ್ಮ ಕನಸು ಏನು?" ಎಂದು ಮಕ್ಕಳನ್ನು ಕೇಳಿದ. ಮೊದಲು ಕೈ ಎತ್ತಿದ್ದು ದೊಡ್ಡಮ್ಮ. "ಕನಸು ಆಮೇಲೆ ಹೇಳ್ತೀವಿ. ನೀವು ಮತ್ತೆ ಯಾವತ್ತು ಬರ್ತೀರಾ, ಅದನ್ನ ಮೊದಲು ಹೇಳಿ." ಪಾಪ, ಅವನಿಗೆ ಅದು ಗೊತ್ತಿರಲಿಲ್ಲ. ಸಂಜೆ ಅವರ ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು, ಅವನು ಒಳಗೆ ದೊಡ್ಡಮ್ಮನಿಗೆ ವರ್ಗಸಮೀಕರಣ ಹೇಳಿಕೊಡುತ್ತಲೇ ಇದ್ದ.

ಈ ಮಕ್ಕಳ ನಡುವೆ ಭಾಗಮ್ಮ ಎಂಬ ಹುಡುಗಿಯಿದ್ದಳು. ಯಾದಗಿರಿ ಕಡೆಯವಳು. ಅಪ್ಪ ಕಟ್ಟಡದ ಕೆಲಸಕ್ಕೆ, ಅವ್ವ ಪೀಣ್ಯದ ಪ್ಯಾಕಿಂಗ್ ಯೂನಿಟ್ಟಿಗೆ. ಲಗ್ಗೆರೆಯ ಒಂದು ವಠಾರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅವಳ ಮಾತನ್ನು ಇಲ್ಲಿನ ಮಕ್ಕಳು ಆಡಿಕೊಳ್ಳುತ್ತಿದ್ದರಂತೆ. ಅದಕ್ಕೆ ಅವಳು ಮಾತಾಡುವುದನ್ನೇ ಬಿಟ್ಟಿದ್ದಳು. ಹಾಜರಿ ಕರೆದರೆ ಕೈ ಎತ್ತುವಳು, ಅಷ್ಟೇ. ಮೇಷ್ಟರು ಅವಳನ್ನು ದಡ್ಡಿ ಎಂದು ತೀರ್ಮಾನಿಸಿ ಬಹಳ ಕಾಲವಾಗಿತ್ತು.

ಒಂದು ಸಂಜೆ ಗೋಪುರದ ಲೆಕ್ಕ ಬಂತು. ಗೋಪುರದಿಂದ ಇಷ್ಟು ದೂರದಲ್ಲಿ ಒಬ್ಬ ನಿಂತಿದ್ದಾನೆ, ಅವನಿಗೆ ತುದಿ ಇಷ್ಟು ಡಿಗ್ರಿ ಕೋನದಲ್ಲಿ ಕಾಣುತ್ತಿದೆ, ಗೋಪುರದ ಎತ್ತರ ಎಷ್ಟು? ದೊಡ್ಡಮ್ಮ ಎಂದಿನಂತೆ ಶುರುಮಾಡಿದರು. "ದೂರದಲ್ಲಿ ನಿಂತು ಯಾಕೆ ಒದ್ದಾಡ್ತಾನೆ? ಅದನ್ನ ಕಟ್ಟಿದವರನ್ನ ಕೇಳಿದ್ರೆ ಎತ್ತರ ಹೇಳಲ್ವಾ?" ಮಕ್ಕಳು ಏನೇನೋ ಹೇಳಿದರು. ಇವರು ಯಾವುದನ್ನೂ ಒಪ್ಪಲಿಲ್ಲ. ಆಗ ಮೂಲೆಯಿಂದ ಒಂದು ಬೆಂಚು ಸದ್ದು ಮಾಡಿತು. ಭಾಗಮ್ಮ ಎದ್ದು ನಿಂತಿದ್ದಳು.

"ಕಟ್ಟಿದವ್ರನ್ನ ಯಾರ್ ಕೇಳ್ತಾರ್ರಿ ಮಿಸ್? ನಮ್ಮಪ್ಪ ಎಷ್ಟ್ ದೊಡ್ಡ ದೊಡ್ಡ ಬಿಲ್ಡಿಂಗ್ ಕಟ್ಟ್ಯಾನ್ರಿ. ಈಗ ಹೋದ್ರ ಗೇಟಿನಾಗಿನ ವಾಚ್‌ಮನ್ ಒಳಗ ಬಿಡಂಗಿಲ್ಲ. ಒಳಗ ಬಿಡಂಗಿಲ್ಲ ಅಂದ್ಮ್ಯಾಲ ಹೊರಗ ನಿಂತ ಅಳೀಬೇಕಲ್ರಿ? ಅದಕ್ಕ ಈ ಲೆಕ್ಕ ಮಾಡ್ಯಾರ. ಅಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ?"

ಇಷ್ಟು ವರ್ಷ ದೊಡ್ಡಮ್ಮನಿಗೆ ಹಾಗೆ ಜೋರು ಮಾಡಿದ ಮ್ಯಾನೇಜರೂ ಇರಲಿಲ್ಲ. ಅವರು, "ಇದು ನ್ಯಾಯವಾದ ಮಾತು. ಬಾ, ಬೋರ್ಡಿಗೆ ಬಾ, ಹೊರಗೆ ನಿಂತು ಹೇಗೆ ಅಳೀತಾರೆ ತೋರಿಸು" ಅಂದರು. ಆ ಹುಡುಗಿ ಬೋರ್ಡಿನ ಮುಂದೆ ನಿಂತವಳು ಶಾಲೆಯ ಬಾಗಿಲು ಹಾಕುವವರೆಗೂ ಕದಲಲಿಲ್ಲ. ಅವತ್ತು ಮನೆಗೆ ಬಂದ ದೊಡ್ಡಮ್ಮ ಊಟ ಮಾಡುವಾಗ, ಟೀವಿ ನೋಡುವಾಗ, ಎಲ್ಲದರ ನಡುವೆ, "ಹೆಂಗೆ ಬೈದಳು ಗೊತ್ತಾ ನನ್ನ?" ಎಂದು ಹೇಳಿಕೊಂಡು ಹಿಗ್ಗಿದ್ದೇ ಹಿಗ್ಗಿದ್ದು. ಬೈಸಿಕೊಂಡು ಇಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಅಲ್ಲಿಂದ ಮುಂದೆ ಭಾಗಮ್ಮ ದಿನಾ ತರಗತಿ ಮುಗಿಸಿ ನಮ್ಮ ಮನೆಗೂ ಬರತೊಡಗಿದಳು. ಮಹಡಿಯ ಮೇಲಿಂದ ಅವಳು ಹೇಳಿಕೊಡುವ ದನಿ, ಇವರು ಒಪ್ಪದ ದನಿ, ಎರಡೂ ನನ್ನ ಅಡುಗೆಮನೆಗೆ ಕೇಳುತ್ತಿದ್ದವು.

ಇನ್ನು ಸೀಟಿಯ ಪ್ರಕರಣ. ಪರೀಕ್ಷೆ ಹತ್ತಿರವಾದಾಗ ಮೇಷ್ಟರುಗಳು ಬೆಳಗಿನ ಜಾವ ಮಕ್ಕಳ ಮನೆಗೆ ಫೋನು ಮಾಡಿ ಎಬ್ಬಿಸಿ ಓದಿಸಬೇಕೆಂಬ ಕ್ರಮವಿದೆ. ದೊಡ್ಡಮ್ಮ ಫೋನನ್ನು ನಂಬುವವರಲ್ಲ, ಪರೀಕ್ಷೆ ಹತ್ತಿರವಾಗಲಿ ಎಂದು ಕಾಯುವವರೂ ಅಲ್ಲ. ನಮ್ಮ ಜಾಲಹಳ್ಳಿಯಲ್ಲಿ ಕಾರ್ಖಾನೆಯ ಸೈರನ್ನಿಗೆ ಇಡೀ ಬೀದಿ ಏಳುತ್ತಿದ್ದ ಕಾಲದಲ್ಲಿ ಬದುಕಿದವರು. ನವೆಂಬರಿನಲ್ಲೇ ಪೀಟಿ ಮೇಷ್ಟರ ಸೀಟಿಯೊಂದನ್ನು ಸಂಪಾದಿಸಿ, ಬೆಳ್ಳಂಬೆಳಿಗ್ಗೆ ಆಟೊ ಹಿಡಿದು, ಭಾಗಮ್ಮನ ವಠಾರದ ನಡುವೆ ನಿಂತು ಉಸಿರು ಕಟ್ಟಿ ಊದಿದರು. ಬಾಗಿಲುಗಳು ತೆರೆದವು. ಹೊರಬಂದವರು ಮಕ್ಕಳಲ್ಲ, ಆಗತಾನೇ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಗಂಡಸರು ಮತ್ತು ಹೆಂಗಸರು. "ಏನ್ ಆಂಟಿ, ಮನುಷ್ಯರು ಮಲಗೋದು ಬೇಡ್ವಾ?" ಎಂದು ಒಬ್ಬ ಕಿರುಚಿದ.

ಬೇರೆ ಯಾರಾದರೂ ಹೀಗೆ ಕೂಗಿದ್ದರೆ ದೊಡ್ಡಮ್ಮ ಎರಡು ಕೊಟ್ಟು ಬರುತ್ತಿದ್ದರು. ಆದರೆ ಇವರು ಒಂದು ಕಾಲದಲ್ಲಿ ರಾತ್ರಿ ಪಾಳಿಯವರ ನಿದ್ದೆಗಾಗಿ, ಅವರಿಗೆ ಪ್ರತ್ಯೇಕ ವಿಶ್ರಾಂತಿ ಕೋಣೆಗಾಗಿ ಗೇಟಿನ ಮುಂದೆ ಕೂತವರು! ಮುಖ ಸಪ್ಪೆ ಮಾಡಿಕೊಂಡು ಒಂದೊಂದೇ ಬಾಗಿಲಿಗೆ ಹೋಗಿ ಕೈ ಮುಗಿದರು. ಪರಿಣಾಮವಾಗಿ, ಆಗಷ್ಟೇ ಕಣ್ಣು ಮುಚ್ಚಿದ್ದ ಉಳಿದವರೂ ಎದ್ದರು. ಕೊನೆಗೆ ಯಾರೋ ಚಹಾ ಕೊಟ್ಟರು. ಭಾಗಮ್ಮ ಮಾತ್ರ ಅಷ್ಟು ಹೊತ್ತಿಗಾಗಲೇ ಎದ್ದು, ನಲ್ಲಿಯಲ್ಲಿ ನೀರು ಹಿಡಿಯುತ್ತಾ, ಇವರ ಅವಸ್ಥೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದ ಅವ್ವನ ಪಕ್ಕದಲ್ಲಿ ತಾನೂ ನಗುತ್ತಿದ್ದಳಂತೆ.

ಆದರೆ ಡಿಸೆಂಬರಿನಲ್ಲಿ ಊರಲ್ಲಿ ಹತ್ತಿ ಬಿಡಿಸುವ ಕೆಲಸವಿದೆ ಎಂದು ಅವಳ ಮನೆಯವರೆಲ್ಲ ಬೀಗ ಹಾಕಿಕೊಂಡು ಹೋದರು. ಹೋದವರು ಸಂಕ್ರಾಂತಿ ಮುಗಿಸಿಕೊಂಡೇ ಬಂದದ್ದು. ಬಂದ ಮರುದಿನ ಹೆಡ್‌ಮಾಸ್ಟರು ಭಾಗಮ್ಮನಿಗೆ, ಹಾಜರಾತಿ ಸಾಲದು, ಈ ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ ಅಂದರು. ಹುಡುಗಿ ಅಳಲಿಲ್ಲ. ನಮ್ಮ ಮನೆಗೆ ಬಂದು, "ಈ ವರ್ಷ ಬರೀಲಿಲ್ಲಂದ್ರ ಅವ್ವನ ಜೋಡಿ ಪ್ಯಾಕಿಂಗಿಗೆ ಹೋಗು ಅಂತಾನ್ರಿ ಅಪ್ಪ" ಎಂದಷ್ಟೇ ಹೇಳಿ ಹೋದಳು.

ದೊಡ್ಡಮ್ಮ ಚಪ್ಪಲಿ ಮೆಟ್ಟಿದರು. ಅವರ ಸಿಟ್ಟು ನನಗೆ ಗೊತ್ತಿದ್ದರಿಂದ ನಾನೂ ರಜೆ ಹಾಕಿ ಹಿಂದೆಯೇ ಹೋದೆ.

"ಮೇಡಂ, ನನಗೇನು ಅವಳ ಮೇಲೆ ದ್ವೇಷವಾ?" ಅಂದರು ಹೆಡ್‌ಮಾಸ್ಟರು. "ಈ ಸಲ ನೂರಕ್ಕೆ ನೂರು ಫಲಿತಾಂಶ ಬರ್ಬೇಕು ಅಂತ ಮೇಲಿಂದ ಒತ್ತಡ. ಗಣಿತದಲ್ಲಿ ಅವಳು ಹೋಗೋದು ಗ್ಯಾರಂಟಿ. ಹೇಗೂ ಹಾಜರಾತಿ ಇಲ್ಲ. ಮುಂದಿನ ವರ್ಷ ಪ್ರೈವೇಟಾಗಿ ಕಟ್ಟಲಿ ಬಿಡಿ."

"ಸೋಲೋರನ್ನ ಆಚೆಗೆ ಹಾಕಿ ಎಲ್ಲರೂ ಗೆದ್ರು ಅಂತ ಹೇಳೋದಾ? ಅದಕ್ಕೆ ಫಲಿತಾಂಶ ಅನ್ನಲ್ಲ ಸಾರ್, ಜರಡಿ ಹಿಡಿಯೋದು ಅಂತಾರೆ."

ಹೆಡ್‌ಮಾಸ್ಟರು ಕೈ ಚೆಲ್ಲಿದರು. ದೊಡ್ಡಮ್ಮ ಏನೂ ಹೇಳದೆ ಎದ್ದು ಬಂದರು. ಅವರು ಸುಮ್ಮನೆ ಎದ್ದರು ಅಂದರೆ ಏನೋ ಕಾದಿದೆ ಎಂದೇ ಅರ್ಥ.

ಅವರೆಕಾಯಿಯ ಕಾಲ. ಮರುದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ದೊಡ್ಡಮ್ಮ ದೊಡ್ಡದೊಂದು ಸ್ಟೀಲ್ ಬೇಸಿನ್ನಿನ ತುಂಬ ನೆನೆಸಿದ ಅವರೆಕಾಳು ಹೊತ್ತು ಹೆಡ್‌ಮಾಸ್ಟರ ಕೋಣೆಗೆ ಬಂದು, ಗೋಡೆಯ ಬದಿಯ ಬೆಂಚಿನ ಮೇಲೆ ಕೂತರು. ಒಂದೊಂದೇ ಕಾಳು ಹಿಸುಕಿ ಸಿಪ್ಪೆ ಬಿಡಿಸತೊಡಗಿದರು. ಘೋಷಣೆಯಿಲ್ಲ, ಬ್ಯಾನರಿಲ್ಲ. ಕೇಳಿದರೆ, "ನಿಮ್ಮ ಕೆಲಸ ನೀವು ಮಾಡಿ ಸಾರ್, ನನ್ನ ಕೆಲಸ ನಾನು ಮಾಡ್ತೀನಿ. ಭಾಗಮ್ಮನ ವಿಷಯ ಇತ್ಯರ್ಥ ಆಗೋವರೆಗೂ ದಿನಾ ಹಿತಕಬೇಳೆ" ಅಂದರು.

ಕೋಣೆಯ ತುಂಬ ಅವರೆಯ ಸೊಗಡು. ಸಹಿ ಮಾಡಲು ಬಂದ ವಿಜ್ಞಾನದ ಮಿಸ್ ಮಾತಾಡುತ್ತಾ ಮಾತಾಡುತ್ತಾ ಬೇಸಿನ್ನಿಗೆ ಕೈ ಹಾಕಿದರು. ನೆನೆಸಿದ ಅವರೆಕಾಳು ಎದುರಿಗಿದ್ದರೆ ಬೆಂಗಳೂರಿನವರ ಕೈ ಸುಮ್ಮನಿರುತ್ತದೆಯೇ? ಆಮೇಲೆ ಕನ್ನಡದ ಮೇಷ್ಟರು, ಅಟೆಂಡರು, ಬಿಸಿಯೂಟದವರು, ಮಗಳ ಟೀಸಿ ಕೇಳಲು ಬಂದ ಯಾರೋ ತಾಯಿ, ಎಲ್ಲರೂ ಹಿಸುಕುವವರೇ. ಎರಡನೇ ದಿನ ಹೆಡ್‌ಮಾಸ್ಟರು ಮೇಲಧಿಕಾರಿಯ ಜೊತೆ ಫೋನಿನಲ್ಲಿ, "ಹೌದು ಸಾರ್, ಆಗ್ಲಿ ಸಾರ್" ಅನ್ನುತ್ತಲೇ ಒಂದು ಹಿಡಿ ಕಾಳು ತೆಗೆದುಕೊಂಡರು. ಅವರ ಬೆರಳಿಂದ ಜಾರಿದ ಬೇಳೆ ಹಾರಿ ನೇರ ಅವರದೇ ಕಾಫಿ ಲೋಟಕ್ಕೆ ಬಿತ್ತು. ಯಾರೂ ನಗಲಿಲ್ಲ. ನಗು ತಡೆದುಕೊಂಡು ವಿಜ್ಞಾನದ ಮಿಸ್ಸಿಗೆ ಕೆಮ್ಮು ಬಂತು.

ಮೂರನೇ ದಿನ ರಾಜಿಯಾಯಿತು. ಹಾಜರಾತಿ ಕೊರತೆ ಮನ್ನಾ ಮಾಡಲು ಹೆಡ್‌ಮಾಸ್ಟರು ಮೇಲಿನವರಿಗೆ ಶಿಫಾರಸು ಮಾಡುವುದು, ಭಾಗಮ್ಮ ಇನ್ನು ಒಂದು ದಿನವೂ ತಪ್ಪಿಸದಿರುವುದು.

"ನಾಳೆ ಫಲಿತಾಂಶ ಕೆಟ್ಟು ಅಧಿಕಾರಿಗಳು ಕೇಳಿದ್ರೆ ನೀವೇ ಬಂದು ಉತ್ತರ ಹೇಳ್ಬೇಕು ಮೇಡಂ."

"ಕರೀರಿ. ಸೀರೆ ಉಟ್ಟು ರೆಡಿಯಾಗೇ ಇರ್ತೀನಿ."

ಭಾಗಮ್ಮ ಪರೀಕ್ಷೆ ಬರೆದಳು. ಗಣಿತದಲ್ಲಿ ಫೇಲಾದಳು.

ಹೌದು, ಫೇಲಾದಳು. ನೀವು ಬೇರೇನೋ ನಿರೀಕ್ಷಿಸಿದ್ದರೆ ನಾನೇನು ಮಾಡಲಿ? ನಾಲ್ಕೈದು ಅಂಕದಲ್ಲಿ ಹೋಯಿತು. ಶಾಲೆಯ ನೂರಕ್ಕೆ ನೂರೂ ಅದರ ಜೊತೆಗೇ ಹೋಯಿತು. ನಮ್ಮ ಬೀದಿಯ ಇಂಜಿನಿಯರುಗಳು ಈ ಬದಿಗೇ ಬಂದು, "ಲೆಕ್ಕ ಬರದವರು ಹೇಳಿಕೊಟ್ಟರೆ ಇನ್ನೇನಾಗುತ್ತೆ?" ಎಂದು ನನಗೆ ಕೇಳುವ ಹಾಗೆ ಮಾತಾಡಿಕೊಂಡರು. ನಾನು ಗೇಟು ತೆಗೆದು, "ಲೆಕ್ಕ ಬರೋರು ಯಾರೂ ಆ ಕಡೆ ತಲೆ ಹಾಕಲಿಲ್ವಲ್ಲ ಅಂಕಲ್, ಅದಕ್ಕೇ ಹೀಗಾಯ್ತು" ಅಂದೆ. ನನಗೂ ಸ್ವಲ್ಪ ದೊಡ್ಡಮ್ಮನ ಗಾಳಿ ಬಡಿದಿತ್ತು ಅಂತ ಕಾಣುತ್ತೆ.

ದೊಡ್ಡಮ್ಮ ಏನು ಮಾಡಿದರು ಗೊತ್ತೇ? ಒಂದು ಡಬ್ಬಿ ಮೈಸೂರ್ ಪಾಕ್ ತರಿಸಿ ಸೀದಾ ಶಾಲೆಗೆ ಹೋದರು. "ಐದು ವಿಷಯ ಪಾಸಾಗಿದಾಳೆ ಸಾರ್, ಬಾಯಿ ಸಿಹಿ ಮಾಡ್ಕೊಳ್ಳಿ." ಹೆಡ್‌ಮಾಸ್ಟರು ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಬೈಯಲು ಅವರಿಗೆ ಎಲ್ಲ ಕಾರಣವೂ ಇತ್ತು. ಬೈಯಲಿಲ್ಲ. ಒಂದು ತುಂಡು ಬಾಯಿಗೆ ಹಾಕಿಕೊಂಡು, "ಫೇಲಾದವರಿಗೆ ಎರಡನೇ ಪರೀಕ್ಷೆ ಇದೆಯಲ್ಲ ಮೇಡಂ. ಅವಳನ್ನ ಕಳಿಸಿ. ಹೆಸರು ನಾನು ನೋಂದಾಯಿಸ್ತೀನಿ" ಅಂದರು.

ಆದರೆ ಭಾಗಮ್ಮನ ಅಪ್ಪ ಒಪ್ಪಲಿಲ್ಲ. ನಾವಿಬ್ಬರೂ ಅವರ ಕೋಣೆಗೆ ಹೋದೆವು. ಅವರು ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಟವೆಲಿನಿಂದ ಒರೆಸಿ ದೊಡ್ಡಮ್ಮನಿಗೆ ಹಾಕಿ, ತಾವು ನೆಲದ ಮೇಲೆ ಕೂತರು. "ಸಾಕ್ರಿ ಅಮ್ಮಾರ. ನೀವು ಭಾಳ ಮಾಡೀರಿ. ಅಕಿ ಹಣೇಬರದಾಗ ಇಲ್ಲ. ನಾಳಿಂದ ಅವರವ್ವನ ಜೋಡಿ ಹೋಗ್ತಾಳ." ದೊಡ್ಡಮ್ಮ ತಮ್ಮ ಹಳೆಯ ಅಸ್ತ್ರಗಳನ್ನೆಲ್ಲ ತೆಗೆದರು. ಆ ಮನುಷ್ಯ ವಾದಕ್ಕೇ ಬರಲಿ‌ಲ್ಲ. ತಲೆ ಬಗ್ಗಿಸಿ, "ಖರೇ ಐತ್ರಿ ಅಮ್ಮಾರ, ಖರೇ ಐತ್ರಿ" ಅನ್ನುತ್ತಾ ಕೂತಿದ್ದರು. ಎದುರು ನಿಲ್ಲದವರ ಜೊತೆ ಜಗಳ ಹೇಗೆ ಆಡುವುದು? ವಾಪಸು ಬಂದಾಗ ಆಟೊದವನು ಕೇಳಿದಷ್ಟನ್ನೂ ದೊಡ್ಡಮ್ಮ ಚೌಕಾಸಿ ಮಾಡದೆ ಕೊಟ್ಟುಬಿಟ್ಟರು. ನನಗೆ ಅವರನ್ನು ನೋಡಿ ಮೊದಲ ಸಲ ಭಯವಾಯಿತು.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಗೇಟಿನಲ್ಲಿ ಭಾಗಮ್ಮ ನಿಂತಿದ್ದಳು. ಬೆವರಿ ಮುಖ ಕೆಂಪಾಗಿತ್ತು. ಪೀಣ್ಯದಿಂದ ನಡೆದೇ ಬಂದಿದ್ದಳು. ದೊಡ್ಡಮ್ಮ ಮೆಟ್ಟಿಲಿಳಿದು ಬಂದರು.

"ಏನಾಯ್ತೇ? ಕೆಲಸಕ್ಕೆ ಹೋಗ್ಲಿಲ್ವಾ?"

"ಗೇಟಿನ ತನ ಹೋದ್ನಿರಿ. ಒಳಗ ಹೋಗಂಗಿಲ್ಲ ಅಂತ ಕುಂತಬಿಟ್ಟೆ. ಅವ್ವ ಬೈದ್ಳು, ಅಪ್ಪಗ ಫೋನ್ ಹಚ್ಚಿದ್ಳು. ಎರಡನೇ ಪರೀಕ್ಷಾ ಬರಿಯೂತನ ನಾ ಯಾ ಕೆಲಸಕ್ಕೂ ಹೋಗಂಗಿಲ್ಲ, ಏನ್ ಮಾಡ್ತಿ ಮಾಡ್ಕೊ ಅಂದೆ ಅಪ್ಪಗ."

ದೊಡ್ಡಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಹುಚ್ಚುಡುಗಿ, ಹೆತ್ತವರಿಗೆ ಹಾಗೆಲ್ಲ ಎದುರು ಮಾತಾಡಬಾರದು ಕಣೇ!"

ಈ ಮಾತನ್ನು ಯಾರು ಆಡುತ್ತಿದ್ದಾರೆಂದು ನಾನು ತಿರುಗಿ ನೋಡಿದೆ. ನಮ್ಮ ದೊಡ್ಡಮ್ಮನೇ. ಇಡೀ ಬದುಕು ಎದುರು ಮಾತಾಡಿಯೇ ಬದುಕಿದವರು, ತಮ್ಮದೇ ಬೀಜ ಮೊಳೆತದ್ದು ನೋಡಿ ಗಾಬರಿಯಾಗಿದ್ದರು. ನನಗೆ ತಡೆಯಲಾರದಷ್ಟು ನಗು ಬಂತು. ಭಾಗಮ್ಮ ನಗಲಿಲ್ಲ. "ನೀವ ಕಲಿಸೀರಿ, ನೀವ ಬ್ಯಾಡ ಅಂದ್ರ ಹೆಂಗ್ರಿ? ನಡೀರಿ ಮ್ಯಾಲ. ನಿಮಗ ವೃತ್ತದ ಪಾಠ ಇನ್ನೂ ತಿಳಿದಿಲ್ಲ" ಎಂದು ಮುಂದೆ ನಡೆದಳು. ಸಂಜೆ ಅವಳಪ್ಪ ಬಂದು ಗೇಟಿನಾಚೆ ನಿಂತರು. ಮಹಡಿಯ ಮೇಲಿಂದ ಮಗಳು ಗಟ್ಟಿಯಾಗಿ ಪಾಠ ಹೇಳುವುದು ಕೇಳುತ್ತಿತ್ತು. ತುಂಬ ಹೊತ್ತು ಕೇಳಿಸಿಕೊಂಡು, ಒಳಗೆ ಕರೆದರೂ ಬಾರದೆ, "ಪರೀಕ್ಷಾ ಮುಗೀಲ್ರಿ, ಆಮ್ಯಾಲ ನೋಡೂಣು" ಎಂದು ನನಗೆ ಹೇಳಿ ಹೋದರು.

ಎರಡನೇ ಪರೀಕ್ಷೆಯ ದಿನ ನಾವಿಬ್ಬರೂ ಕೇಂದ್ರದ ಹೊರಗೆ ಒಂದು ಮರದಡಿ ಕಾದೆವು. ಭಾಗಮ್ಮ ಒಳಗೆ ಹೋದ ಮೇಲೆ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡರು.

"ಪಾಸಾಗ್ಲಿ ಅಂತ ಬೆಳಿಗ್ಗೆಯಿಂದ ದೇವರನ್ನ ಕೇಳ್ಕೊತಿದೀನಿ ಕಣೇ. ಅಲ್ಲ, ಪಾಸಾದ್ಮೇಲೆ ಅವಳು ನಮ್ಮನೆಗೆ ಯಾಕೆ ಬರ್ತಾಳೆ?"

ನಾನು ಅವರ ಕೈ ಒತ್ತಿದೆ.

ಹುಡುಗಿ ಹೊರಗೆ ಬಂದವಳು, "ನೀವ ಎದುರಿಗೆ ಕುಂತೀರಿ ಅನ್ಕೊಂಡ ಬರದೀನ್ರಿ. ಒಂದೂ ಬಿಡಲಾರ್ದಂಗ ಬಿಡಿಸಿ ಬಿಡಿಸಿ ಬರದೀನಿ" ಅಂದಳು. ದೊಡ್ಡಮ್ಮ, "ಏನಾದ್ರೂ ತಿಂದ್ಯಾ?" ಅಂದರು, ಅಷ್ಟೇ.

ಪಾಸಾದಳು. ಹೆಡ್‌ಮಾಸ್ಟರೇ ಫೋನು ಮಾಡಿ ಹೇಳಿದರು. ಲೆಕ್ಕದಲ್ಲಿ ಬೇಕಾದದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಬಂದಿತ್ತು. ಅವಳಪ್ಪ ಕಾಲೇಜಿಗೆ ಸೇರಿಸಲು ಒಪ್ಪಿದ್ದಾರೆಂದೂ ತಿಳಿಯಿತು. ನಮ್ಮ ಮನೆಯಲ್ಲಿ ಹಬ್ಬವಾಗಬೇಕಿತ್ತು. ದೊಡ್ಡಮ್ಮ ಮಾತ್ರ ಮಧ್ಯಾಹ್ನದಿಂದಲೇ ಮೆಟ್ಟಿಲ ಮೇಲೆ ಕೂತು, ಆಗಲೇ ಆರಿಸಿಟ್ಟಿದ್ದ ಸೊಪ್ಪನ್ನು ಮತ್ತೆ ಆರಿಸುತ್ತಿದ್ದರು. "ಇವತ್ತು ಬರಲ್ಲ ಬಿಡು. ಮನೇಲಿ ಸಂಭ್ರಮ ಇರುತ್ತೆ, ಇನ್ಯಾಕೆ ಬರ್ತಾಳೆ?" ಎಂದು ನನಗೆ ಹೇಳಿದರು. ಗೇಟಿನ ಕಡೆ ಮಾತ್ರ ನೋಡುತ್ತಲೇ ಇದ್ದರು.

ದಿನಾ ಬರುವ ಹೊತ್ತಿಗೇ ಗೇಟು ಸದ್ದಾಯಿತು. ಭಾಗಮ್ಮ ಎಂದಿನಂತೆ ಚಪ್ಪಲಿ ಬಿಟ್ಟು, ಎಂದಿನ ಅದೇ ಚೀಲ ಹೆಗಲಿಗೆ ಹಾಕಿಕೊಂಡು ಒಳಗೆ ಬಂದಳು.

"ಏನೇ, ಪಾಸಾದ್ಮೇಲೂ ಬಂದ್ಯಾ?" ಅಂದರು ದೊಡ್ಡಮ್ಮ. ದನಿ ಗಡುಸು ಮಾಡಲು ಹೋಗಿ ಆಗಲಿಲ್ಲ.

"ನಂದಾತ್ರಿ. ನಿಮ್ದಿನ್ನೂ ಆಗಿಲ್ಲಲ್ರಿ, ಅಜ್ಜಿ ಮಿಸ್."

ದೊಡ್ಡಮ್ಮ ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು, ಕಾಫಿ ತರ್ತೀನಿ ಎಂದು ಒಳಗೆ ಹೋದರು. ಕಾಫಿಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ. ನಾನೂ ಕರೆಯಲು ಹೋಗಲಿಲ್ಲ. ಭಾಗಮ್ಮ ಅವರ ಚಾಪೆ ಬಿಡಿಸಿ, ಎದುರಿಗೆ ಕೂತು, ಕಾಯತೊಡಗಿದಳು.